ಶ್ವಯ್ ತಾಬಾನ್

ಜುಲೈ ತಿಂಗಳ ಶುಕ್ರವಾರ, ಸಂಜೆ ನಾಲ್ಕೂವರೆ. ಅಬ್ಬಾಸಿಯಾದ ನಮ್ಮ ಕಟ್ಟಡದ ಕೆಳಗೆ ಬಿಸಿಲಿಗೆ ನಿಂತ ಕಾರಿನ ಬಾಗಿಲು ತೆಗೆಯಲು ಕರ್ಚೀಫು ಬೇಕು. ಒಳಗೆ ಕೂತ ಕೂಡಲೇ ಕಣ್ಣಿನ ನೀರೂ ಆರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ 48 ಎಂದು ತೋರಿಸುತ್ತಿದೆ. ಇಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. 2016ರ ಜುಲೈ 21ರಂದು ಇದೇ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿ, ಅದನ್ನು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿಕೊಂಡಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಕಾನೂನೇ ಇದೆ. ಈ ಮೂರು ತಿಂಗಳು ಇಲ್ಲಿ ಎಲ್ಲರಿಗೂ ಸುಸ್ತು. ಹಾಗಾಗಿ "ಸುಸ್ತು" ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೋದ ವರ್ಷ ಟೈಲರಣ್ಣನ ಸುಸ್ತು ಮೂರು ತಿಂಗಳು ಅಡಗಿ ಕೂತದ್ದು ಈ ಸೆಕೆಯ ಹಿಂದೆಯೇ.

ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಅವಳ ತೊಡೆಯ ಮೇಲೆ ಸ್ಟೀಲಿನ ಬುತ್ತಿ. ಕುಚ್ಚಲಕ್ಕಿಯ ತೆಳು ಗಂಜಿ, ಪಕ್ಕದ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿಯ ರಸ.

"ಇವತ್ತು ಟೈಲರಣ್ಣನಿಗೆ ಹೇಗಾದರೂ ಒಂದು ಲೋಟ ಕುಡಿಸಲೇಬೇಕು. ತಿಂದರೆ ತಾನೇ ಶಕ್ತಿ ಬರುದು?" ಎನ್ನುತ್ತಾಳೆ. ನಾನು ಹೂಂಗುಟ್ಟುತ್ತೇನೆ. ಆಗ ನನಗೂ ಅಷ್ಟೇ ಗೊತ್ತಿದ್ದದ್ದು.

ಗಜಾಲಿ ರಸ್ತೆ ಹಿಡಿದು ಶುವೈಖ್ ಕಡೆಗೆ. ಗಾಳಿಗೆ ಎದ್ದ ಧೂಳಿನಲ್ಲಿ ಆಕಾಶಕ್ಕೆ ಹಳೆಯ ಬನಿಯನಿನ ಬಣ್ಣ. ಜಮಾಲ್ ಅಬ್ದುಲ್ ನಾಸೆರ್ ರಸ್ತೆಗೆ ಬಂದರೆ ಸಬಾಹ್ ವೈದ್ಯಕೀಯ ವಲಯ: ಒಂದಾದ ಮೇಲೊಂದು ಆಸ್ಪತ್ರೆ, ಹೆರಿಗೆಗೊಂದು, ಎದೆಗೊಂದು, ಕ್ಯಾನ್ಸರಿಗೊಂದು. ಗುಣಪಡಿಸಲಾಗದ ಕ್ಯಾನ್ಸರಿನವರನ್ನು ನೋಡಿಕೊಳ್ಳುವ ಉಪಶಾಮಕ ಆರೈಕೆ ಕೇಂದ್ರವೂ ಇಲ್ಲೇ, 2011ರಿಂದ. ಅದಕ್ಕೆ ನಮ್ಮವರು ಬಾಯಿಬಿಟ್ಟು ಹೆಸರು ಹೇಳುವುದಿಲ್ಲ. "ಆ ಕಡೆಯ ಬಿಲ್ಡಿಂಗಿಗೆ ಹಾಕಿದ್ದಾರೆ" ಎನ್ನುತ್ತಾರೆ. ಕೇಳಿದವರಿಗೆ ಅರ್ಥವಾಗುತ್ತದೆ.

ಗಾಜಿನ ಬಾಗಿಲು ತಾನಾಗಿ ಸರಿಯುತ್ತದೆ. ಹೊರಗಿನ ಒಲೆಯಿಂದ ಒಳಗಿನ ಫ್ರಿಜ್ಜಿಗೆ. ಕಾರಿಡಾರಿನಲ್ಲಿ ಒಂದು ಕುವೈತಿ ಕುಟುಂಬ ಫ್ಲಾಸ್ಕಿನಿಂದ ಗಹ್ವಾ ಬಗ್ಗಿಸುತ್ತಾ ಕೂತಿದೆ. ಏಲಕ್ಕಿಯ ವಾಸನೆ. ಅವರ ಪೈಕಿ ಹಿರಿಯರೊಬ್ಬರ ದಿಶ್ದಾಶದ, ಆ ಉದ್ದ ನಿಲುವಂಗಿಯ, ಕತ್ತಿನ ಪಟ್ಟಿಯ ಮೇಲೆ ನನ್ನ ಕಣ್ಣು ತಾನಾಗಿ ಹೋಗುತ್ತದೆ. ಅದು ಟೈಲರಣ್ಣನ ಸಹವಾಸದ ಚಾಳಿ. ಕುವೈತಿನ ದಿಶ್ದಾಶಕ್ಕೆ ಗಟ್ಟಿ ಕಾಲರು ಬೇಕು, ಎಮಿರಾತಿನವರ ಹಾಗೆ ಎದೆಗೆ ಗೊಂಡೆ ಇಳಿಬಿಡುವುದಿಲ್ಲ. ಹೆಗಲಿನಿಂದ ಪಾದದವರೆಗೆ ಒಂದು ಸುಕ್ಕು ನಿಂತರೂ ಗಿರಾಕಿ ವಾಪಸು ತರುತ್ತಾನೆ. ಇಪ್ಪತ್ತೊಂಬತ್ತು ವರ್ಷ ಆತ ಹೊಲಿದದ್ದು ಇದನ್ನೇ.

ಕೋಣೆಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಹೋಗುತ್ತೇವೆ.

ಮಂಚದ ತಲೆಭಾಗ ಎತ್ತಿದ್ದಾರೆ. ಟೈಲರಣ್ಣ ಕಣ್ಣು ಮುಚ್ಚಿದ್ದಾರೆ, ನಿದ್ದೆಯಲ್ಲ. ಹೊದಿಕೆಯ ಮೇಲೆ ಬಲಗೈ. ಹೆಬ್ಬೆರಳಿನ ಗೆಣ್ಣಿನ ಮೇಲೆ ಕತ್ತರಿ ಒತ್ತಿ ಒತ್ತಿ ಎದ್ದ ಗಂಟು ಹಾಗೇ ಇದೆ. ಕೈ ಮಾತ್ರ ಕರಗಿ, ಆ ಗಂಟೊಂದೇ ದೊಡ್ಡದಾಗಿ ಕಾಣುತ್ತಿದೆ. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಇಂಗಿ ಅಲ್ಲೊಂದು ಸಣ್ಣ ಹಳ್ಳ ಬಿದ್ದಿದೆ.

"ಬಂದ್ಯಾ ಮಾರಾಯ," ಕಣ್ಣು ತೆರೆಯದೆಯೇ ಹೇಳುತ್ತಾರೆ. "ಕೂತ್ಕೊ. ತಂಗಿಗೆ ಕುರ್ಚಿ ಕೊಡು."

"ಹೇಗಿದ್ದೀರಿ ಟೈಲರಣ್ಣ?"

"ಶ್ವಯ್ ತಾಬಾನ್."

ಸ್ವಲ್ಪ ಸುಸ್ತು. ಊರು ಬದಿಯಡ್ಕದ ಆಚೆ, ಮನೆಮಾತು ತುಳು, ಓದಿದ್ದು ಕನ್ನಡ, ಬಸ್ಸಿನಲ್ಲಿ ಮಲಯಾಳ. ಅರಬ್ಬಿ ಕಲಿತದ್ದು ಅಳತೆ ತೆಗೆಯುತ್ತಾ ಗಿರಾಕಿಗಳ ಬಾಯಿಂದ. ಈ 'ತಾಬಾನ್' ಎಂಬುದು ವಿಚಿತ್ರ ಶಬ್ದ. ದಣಿದವನೂ ತಾಬಾನ್, ಕಾಯಿಲೆಯವನೂ ತಾಬಾನ್. ಹೋದ ಬೇಸಿಗೆಯಲ್ಲಿ ಅಂಗಡಿಯವರು "ಏನಾಯ್ತು?" ಎಂದಾಗಲೆಲ್ಲ ಇವರು ಇದನ್ನೇ ಹೇಳಿದ್ದು. ಅವರು ದಣಿವು ಎಂದುಕೊಂಡರು. ಇವರೂ ಹಾಗೇ ಎಂದುಕೊಂಡರು. ಸೊಂಟ ನೋವಿಗೆ ಮಿಷನ್ನಿನ ಮುಂದೆ ಬಗ್ಗಿ ಕೂತದ್ದು ಕಾರಣ, ಸುಸ್ತಿಗೆ ಸೆಕೆ ಕಾರಣ. ನೋವಿನ ಮುಲಾಮು, ಫಾರ್ಮಸಿಯ ಮಾತ್ರೆ. ಕೊನೆಗೊಂದು ದಿನ ಬಟ್ಟೆಯ ಥಾನು ಎತ್ತಲಾಗದೆ ನೆಲಕ್ಕೆ ಕೂತಾಗ ತಪಾಸಣೆಯಾಯಿತು. ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನೆಲುಬಿಗೂ ಸೊಂಟದ ಎಲುಬಿಗೂ ಹರಡಿತ್ತು. ವಯಸ್ಸು ಐವತ್ತೆಂಟು.

"ಬಚ್ಚೆಲ್ ಅಲ್ಲ ಇದು," ಈಗ ಕಣ್ಣು ತೆರೆದಿದ್ದಾರೆ. "ಬಚ್ಚೆಲ್ ಹೇಳಿದ್ರೆ ನಂಗೆ ಗೊತ್ತುಂಟು. ರಂಜಾನ್ ಮುಂಚೆ ರಾತ್ರಿ ಎರಡು ಗಂಟೆವರೆಗೆ ಹೊಲಿದು ಬಂದು ಬಿದ್ರೆ, ಬೆಳಿಗ್ಗೆ ಮೈ ಹಗುರ. ಇದು ಮಲಗಿ ಎದ್ರೆ ಜಾಸ್ತಿ. ಹಲ್ಲುಜ್ಜಿದ್ರೆ ಒಂದು ಗಂಟೆ ಮಲಗ್ಬೇಕು. ಎಂತ ಕೆಲಸ ಮಾಡಿದೆ ಹೇಳಿ ಇಷ್ಟು?"

ತುಳುವಿನ ಬಚ್ಚೆಲ್, ಕನ್ನಡದ ದಣಿವು: ಎರಡೂ ದುಡಿದು ಸಂಪಾದಿಸಿದವು. ನಿದ್ದೆ ಕೊಟ್ಟರೆ ತೀರುವ ಸಾಲ. ಮಾಡಿದ ಕೆಲಸಕ್ಕೂ ಬಂದ ಆಯಾಸಕ್ಕೂ ತಾಳೆಯಾಗದಿರುವುದು, ಮಲಗಿದರೆ ಹೋಗದಿರುವುದು. ಕ್ಯಾನ್ಸರಿನ ಆಯಾಸವನ್ನು ವೈದ್ಯರು ಗುರುತಿಸುವುದು ಇವೆರಡರಿಂದಲೇ. ಟೈಲರಣ್ಣ ಯಾವ ಪುಸ್ತಕವನ್ನೂ ಓದದೆ ಅದನ್ನೇ ಹೇಳಿದರು. ಗುಣವಾಗದ ಹಂತದ ಕ್ಯಾನ್ಸರಿನಲ್ಲಿ ನೋವೇ ದೊಡ್ಡದೆಂದು ನಾವೆಲ್ಲ ತಿಳಿದಿದ್ದೇವೆ. 44 ಅಧ್ಯಯನಗಳ 25,074 ರೋಗಿಗಳನ್ನು ಒಟ್ಟುಹಾಕಿ ನೋಡಿದ 2007ರ ಒಂದು ಸಮೀಕ್ಷೆಯಲ್ಲಿ ನೋವು ಇದ್ದವರು ನೂರಕ್ಕೆ 71, ಆಯಾಸ ಇದ್ದವರು 74. ಆದರೆ ನೋವಿಗೆ ಬೆಲ್ಲು ಒತ್ತುತ್ತಾರೆ, ಸುಸ್ತಿಗೆ ಯಾರೂ ಒತ್ತುವುದಿಲ್ಲ. ಅದನ್ನು ಹೇಳುವುದಕ್ಕೂ ಶಕ್ತಿ ಬೇಕಲ್ಲ.

ಸಿಸ್ಟರ್ ಒಳಗೆ ಬರುತ್ತಾಳೆ, ಕೋಟ್ಟಯಂ ಕಡೆಯವಳು. ಹಿಂದೆ ಡಾಕ್ಟರು. ಡಾಕ್ಟರು ಅರಬ್ಬಿಯಲ್ಲಿ ಕೇಳುವುದು, ಇವರಿಗೆ ತೊಡಕಾದರೆ ಸಿಸ್ಟರ್ ಮಲಯಾಳದಲ್ಲಿ ಬಿಡಿಸುವುದು, ಇವರು ಎರಡನ್ನೂ ಬೆರೆಸಿ ಉತ್ತರಿಸುವುದು. ಸಿಸ್ಟರ್ ಕೈಯಲ್ಲಿ ಒಂದು ಹಾಳೆ: ಸೊನ್ನೆಯಿಂದ ಹತ್ತರವರೆಗೆ ಅಂಕಿಗಳ ಸಾಲು, ಒಟ್ಟು ಒಂಬತ್ತು ಸಾಲು. 1991ರಲ್ಲಿ ಕೆನಡಾದ ಎಡ್ಮಂಟನ್ ನಗರದ ವೈದ್ಯರು ಮಾಡಿದ ಪಟ್ಟಿಯಿದು. ಈಗ ಜಗತ್ತಿನ ಹಲವು ಕಡೆ ಇಂಥ ವಾರ್ಡುಗಳಲ್ಲಿ ಇದೆ. ನೋವು ಎಷ್ಟು, ದಣಿವು ಎಷ್ಟು, ಜೊಂಪು ಎಷ್ಟು, ಹಸಿವು, ಉಸಿರಾಟ, ದುಃಖ, ಆತಂಕ...

"ಅಲ್ಲ, ದಣಿವು ಮತ್ತು ಜೊಂಪು ಬೇರೆಯಾ?" ನನ್ನ ಹೆಂಡತಿ ಮೆಲ್ಲಗೆ ಕೇಳುತ್ತಾಳೆ.

ಬೇರೆ. ನೋವಿಗೆ ಮಾರ್ಫಿನ್ ಹೆಚ್ಚಿಸಿದ ಮೊದಲ ಕೆಲವು ದಿನ ಕಣ್ಣು ಎಳೆಯುತ್ತದೆ, ಆಮೇಲೆ ಸಾಮಾನ್ಯವಾಗಿ ಸರಿಯಾಗುತ್ತದೆ. ಸರಿಯಾಗದೆ ದಿನದಿನಕ್ಕೆ ಹೆಚ್ಚಿದರೆ ಕಿಡ್ನಿ ಸೋತು ಔಷಧಿ ಮೈಯಲ್ಲೇ ಉಳಿಯುತ್ತಿದೆಯೇ ಎಂದು ನೋಡಬೇಕು. ವಾಂತಿಯ ಮಾತ್ರೆ, ನಿದ್ದೆಯ ಮಾತ್ರೆ ಯಾವುದಾದರೂ ಸೇರಿಕೊಂಡಿದೆಯೇ ನೋಡಬೇಕು. ಜೊಂಪಿಗೆ ಔಷಧಿಯ ಚೀಟಿಯಲ್ಲಿ ಉತ್ತರ ಸಿಗಬಹುದು. ದಣಿವಿನ ಉತ್ತರ ಒಂದೇ ಚೀಟಿಯಲ್ಲಿರುವುದಿಲ್ಲ.

"ದಣಿವು ಎಷ್ಟು ಚೇಟ್ಟಾ?"

"ಎಂಟು."

ಡಾಕ್ಟರು ಅವರ ಕೆಳಗಿನ ಕಣ್ರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡುತ್ತಾರೆ. ಒಳಗೆ ಕೆಂಪು ಇರಬೇಕಾದಲ್ಲಿ ತೊಳೆದ ಬಟ್ಟೆಯ ಬಿಳುಪು. ಕ್ಯಾನ್ಸರ್ ಎಲುಬಿನ ಮಜ್ಜೆಯಲ್ಲಿ ಕೂತಿದೆ. ರಕ್ತ ಹುಟ್ಟುವ ಜಾಗವೇ ಅದು. ಹಿಮೋಗ್ಲೋಬಿನ್ ಏಳೂವರೆಗೆ ಇಳಿದು ಸೋಮವಾರ ರಕ್ತ ಕೊಟ್ಟಿದ್ದರು. ಬಾತ್‌ರೂಮಿಗೆ ಹೋಗಿ ಬರುವಾಗಿನ ಏದುಸಿರು ತಗ್ಗಿತು. ಸುಸ್ತು ಹತ್ತರಿಂದ ಎಂಟಕ್ಕೆ ಬಂತು, ಅಷ್ಟೆ. ಹಾಗಾದರೆ ಉಳಿದ ಎಂಟು ಎಲ್ಲಿಯದು?

ಡಾಕ್ಟರು ಮಂಚದ ಅಂಚಿಗೆ ಕೂರುತ್ತಾರೆ. ನಿಂತು ಮಾತಾಡುವ ಡಾಕ್ಟರಿಗೂ ಕೂತು ಮಾತಾಡುವ ಡಾಕ್ಟರಿಗೂ ಎಷ್ಟು ಅಂತರ ಎಂದು ರೋಗಿಯ ಪಕ್ಕ ಕೂತವರಿಗೆ ಗೊತ್ತು. ರಾತ್ರಿ ಹೇಗೆ ಎಂದು ಕೇಳುತ್ತಾರೆ.

ರಾತ್ರಿಯ ವಿಷಯ ನಿಧಾನವಾಗಿ ಹೊರಬರುತ್ತದೆ. ಹನ್ನೊಂದಕ್ಕೆ ನಿದ್ದೆ, ಒಂದೂವರೆಗೆ ಎಚ್ಚರ. ಏಸಿ ಇಷ್ಟು ತಣ್ಣಗಿದ್ದರೂ ಎದೆಯಿಂದ ಮೇಲೆ ಬೆಂಕಿ ಏರಿದ ಹಾಗೆ, ದಿಂಬು ಒದ್ದೆ. ಅದು ಹಾರ್ಮೋನ್ ಇಂಜೆಕ್ಷನ್ನಿನ ಫಲ. ಕ್ಯಾನ್ಸರಿಗೆ ಮೇವಾಗುವ ಪುರುಷ ಹಾರ್ಮೋನನ್ನು ಅದು ಬತ್ತಿಸುತ್ತದೆ, ಜೊತೆಗೆ ಸ್ನಾಯುವನ್ನೂ ಹುರುಪನ್ನೂ ಬತ್ತಿಸುತ್ತದೆ. ಆಮೇಲೆ ನೋವಿಗೆ ಮಗ್ಗುಲು ಬದಲಿಸುವುದು. ಆಮೇಲೆ ಲೆಕ್ಕ.

"ಎಂಥ ಲೆಕ್ಕ?"

ಟೈಲರಣ್ಣ ಬೆರಳು ಮಡಚುತ್ತಾರೆ. ಕುವೈತಿನ ಖಾಸಗಿ ಕೆಲಸದ ಕಾನೂನು, 2010ರದ್ದು. ಕಾಯಿಲೆಯ ರಜೆ ವರ್ಷಕ್ಕೆ ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 10 ದಿನ ಮುಕ್ಕಾಲು, ಆಮೇಲೆ 10 ದಿನ ಅರ್ಧ, ಮತ್ತೆ 10 ದಿನ ಕಾಲು, ಕೊನೆಯ 30 ದಿನ ಸಂಬಳವೇ ಇಲ್ಲ. ಟೇಪಿನ ಮೇಲೆ ಇಂಚು ಓದಿದಂತೆ ಓದುತ್ತಾರೆ. ಅವರೀಗ ಕಾಲು ಸಂಬಳದಲ್ಲಿದ್ದಾರೆ. ಅಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಕೆಲಸಕ್ಕೆ ಕಟ್ಟಿದ್ದು, ಕೆಲಸ ಕೈಗೆ ಕಟ್ಟಿದ್ದು. ಮಗಳ ನರ್ಸಿಂಗ್ ಫೀಸಿನ ಕೊನೆಯ ವರ್ಷ, ಊರಿನ ಸೊಸೈಟಿಯ ಸಾಲ. ಕತ್ತಲಲ್ಲಿ ಇದನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಎಣಿಸುತ್ತಾ ಬೆಳಿಗ್ಗಿನ ಬಾಂಗ್ ಆಗುತ್ತದೆ. ಇದೂ ಆಯಾಸದ ಕಾರಣಗಳ ಪಟ್ಟಿಯಲ್ಲಿ ಬರುತ್ತದೆ ಎಂದು ಹೇಳಿದರೆ ಯಾವ ರಕ್ತಪರೀಕ್ಷೆಯೂ ಸಾಕ್ಷಿ ಹೇಳುವುದಿಲ್ಲ. ಆದರೆ ಡಾಕ್ಟರು ಬರೆದುಕೊಳ್ಳುತ್ತಾರೆ. ಸಮಾಜ ಕಾರ್ಯಕರ್ತೆಯನ್ನು ಕಳಿಸುವುದಾಗಿ ಹೇಳುತ್ತಾರೆ.

ಉಳಿದದ್ದನ್ನು ಬೇಗ ಬೇಗ ನೋಡುತ್ತಾರೆ. ಸೋಡಿಯಂ, ಕ್ಯಾಲ್ಸಿಯಂ, ಥೈರಾಯ್ಡ್, ಎಲ್ಲಾದರೂ ಸೋಂಕು. ಒಂದೊಂದೂ ಒಬ್ಬ ಮನುಷ್ಯನನ್ನು ಮಲಗಿಸಬಲ್ಲದು, ಒಂದೊಂದಕ್ಕೂ ಮದ್ದಿದೆ. ಇವರಲ್ಲಿ ಅವು ಯಾವುವೂ ಇಲ್ಲ.

"ಮನಸ್ಸು?" ಎಂದು ಸಿಸ್ಟರ್ ಕೇಳಿದಾಗ ಟೈಲರಣ್ಣ ನನ್ನ ಕಡೆ ತಿರುಗಿ, "ಅಂಗಡಿಯವರು ಚಳಿಗಾಲದ ಬಟ್ಟೆಗೆ ಆರ್ಡರ್ ಕೊಟ್ರಾ? ಕಡು ಕಂದು ಜಾಸ್ತಿ ತರಿಸ್ಲಿಕ್ಕೆ ಹೇಳು" ಎನ್ನುತ್ತಾರೆ. ಡಾಕ್ಟರಿಗೆ ಸಿಸ್ಟರ್ ಅದನ್ನೂ ಅನುವಾದಿಸುತ್ತಾಳೆ. ಅವರು ತಲೆಯಾಡಿಸುತ್ತಾರೆ. ಖಿನ್ನತೆಯಲ್ಲಿ ಆಸೆಯೇ ಆರುತ್ತದೆ. ಇಲ್ಲಿ ಆಸೆ ಇದೆ, ಕೈ ಬರುವುದಿಲ್ಲ. ಎರಡೂ ಒಟ್ಟಿಗೆ ಇರುವವರೂ ಬೇಕಾದಷ್ಟಿದ್ದಾರೆ, ಮತ್ತು ಮಂಗಳವಾರ ರಾತ್ರಿ ಇವರು ಅತ್ತದ್ದನ್ನು ಸಿಸ್ಟರ್ ಚಾರ್ಟಿನಲ್ಲಿ ಬರೆದಿದ್ದಾಳೆ. ಆದರೆ ಹಾಸಿಗೆ ಬಿಟ್ಟೇಳದವನನ್ನೆಲ್ಲ "ಮನಸ್ಸು ಬಿಟ್ಟಿದ್ದಾನೆ" ಎಂದು ತೀರ್ಮಾನಿಸುವ ನಮ್ಮ ಅಭ್ಯಾಸವಿದೆಯಲ್ಲ, ಅದು ಸುಳ್ಳು ಮಾತ್ರವಲ್ಲ, ಕ್ರೂರ.

ಡಾಕ್ಟರು ಹೋದ ಮೇಲೆ ಹೆಂಡತಿ ಬುತ್ತಿ ಬಿಚ್ಚುತ್ತಾಳೆ. ಗಂಜಿಯ ಹಬೆ ಏಳುತ್ತದೆ. ಎರಡು ಚಮಚ ಕುಡಿಯುತ್ತಾರೆ. ಮೂರನೆಯದಕ್ಕೆ ತುಟಿ ಮುಚ್ಚುತ್ತದೆ.

"ಇನ್ನೊಂದು ಅಣ್ಣ. ಶಕ್ತಿ ಬರ್ತದೆ."

ಸಿಸ್ಟರ್ ಅವಳ ಮೊಣಕೈ ಮೆಲ್ಲಗೆ ಹಿಡಿಯುತ್ತಾಳೆ. ಹೊರಗೆ ಕರೆದುಕೊಂಡು ಹೋಗಿ ವಿವರಿಸುತ್ತಾಳೆ. ಉಪವಾಸದಲ್ಲಿ ಮೈ ಹೆಚ್ಚಾಗಿ ಕೊಬ್ಬು ಕರಗಿಸುತ್ತದೆ, ಉಣ್ಣಿಸಿದರೆ ತುಂಬಿಕೊಳ್ಳುತ್ತದೆ. ಇದು ಉಪವಾಸವಲ್ಲ. ಗಡ್ಡೆಯ ಸುತ್ತ ಮೈ ತಾನೇ ಎಬ್ಬಿಸಿದ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಹರಿದು ಸ್ನಾಯುವನ್ನು ಒಡೆಯುತ್ತವೆ, ಹಸಿವನ್ನು ಕೊಲ್ಲುತ್ತವೆ, ಮಿದುಳಿಗೆ ಸದಾ ಜ್ವರದ ದಿನದ ಭಾರ ಹೊರಿಸುತ್ತವೆ. ಕ್ಯಾಕೆಕ್ಸಿಯಾ ಎಂದು ಅದರ ಹೆಸರು. ಒತ್ತಾಯದ ಗಂಜಿ ಆ ಸ್ನಾಯುವನ್ನು ಮರಳಿ ಕಟ್ಟುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಉಣ್ಣಲಾಗಲಿಲ್ಲವಲ್ಲ ಎಂಬ ಅಪರಾಧ ಭಾವ ಮಿಕ್ಕುತ್ತದೆ. ಬೇಕೆಂದಾಗ, ಬೇಕಾದಷ್ಟು, ಬೇಕಾದದ್ದು.

ಹೆಂಡತಿ ಒಳಗೆ ಬಂದು ಬುತ್ತಿ ಮುಚ್ಚುತ್ತಾಳೆ. ನಮ್ಮ ಕಡೆ ಪ್ರೀತಿಯನ್ನು ಬಡಿಸಿಯೇ ತೋರಿಸುವುದು. ಬಡಿಸಬೇಡ ಎಂದರೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅವಳು ಸೀರೆಯ ಸೆರಗಿಗೆ ಕೈ ಒರೆಸುತ್ತಾಳೆ, ಒದ್ದೆಯಿಲ್ಲದಿದ್ದರೂ. ಟೈಲರಣ್ಣ ಹೇಳುತ್ತಾರೆ: "ಆ ಮಿಡಿ ರಸ ಸ್ವಲ್ಪ ನಾಲಗೆಗೆ ಹಾಕು." ಕಣ್ಣು ಕಿರಿದು ಮಾಡಿ ಚಪ್ಪರಿಸುತ್ತಾರೆ.

ಐದೂಮುಕ್ಕಾಲಕ್ಕೆ ಊರವರು ಬರಲಾರಂಭಿಸುತ್ತಾರೆ. ಶುಕ್ರವಾರವಲ್ಲವೇ. ಸಾಲ್ಮಿಯಾದಿಂದ ಇಬ್ಬರು, ಫಹಾಹೀಲ್‌ನಿಂದ ಒಂದು ಸಂಸಾರ, ಮಂಗಾಫಿನಿಂದ ಇನ್ನು ಮೂವರು. ಈ ದೇಶದ ಹತ್ತು ಲಕ್ಷದಷ್ಟು ಭಾರತೀಯರಲ್ಲಿ ನಮ್ಮ ಕರಾವಳಿಯವರ ಗುಣ ಇದು: ಸಾವಿಗೆ, ಕಾಯಿಲೆಗೆ ಯಾರೂ ತಪ್ಪಿಸುವುದಿಲ್ಲ. ಅದಕ್ಕೆ ಹೆಮ್ಮೆಪಡಬೇಕು. ಆದರೆ ಹತ್ತು ಜನ ಒಂದು ಕೋಣೆಯಲ್ಲಿ ನಿಂತಾಗ ಏನಾಗುತ್ತದೆಂದು ಇವತ್ತು ಮೊದಲ ಸಲ ಗಮನಿಸುತ್ತೇನೆ. ಪ್ರತಿಯೊಬ್ಬರಿಗೂ ಟೈಲರಣ್ಣ ನಗುತ್ತಾರೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಹೇಳುತ್ತಾರೆ. ಒಬ್ಬರು ಪಪ್ಪಾಯಿ ಎಲೆಯ ರಸ ಹೇಳುತ್ತಾರೆ, ಒಬ್ಬರು ಮುಳ್ಳುರಾಮಫಲ. "ವಿಲ್ ಪವರ್ ಬೇಕು ಟೈಲರ್ರೇ, ನೀವು ಮನಸ್ಸು ಗಟ್ಟಿ ಮಾಡ್ಬೇಕು" ಎಂದು ಮತ್ತೊಬ್ಬರು. ಹದಿನೈದು ನಿಮಿಷಕ್ಕೆ ಟೈಲರಣ್ಣನ ಮಾತು ತೊದಲುತ್ತದೆ. ತಲೆ ದಿಂಬಿನಿಂದ ಒಂದು ಕಡೆಗೆ ಜಾರುತ್ತದೆ. ಯಾರಿಗೂ ಕಾಣುವುದಿಲ್ಲ, ಎಲ್ಲರೂ ಪರಸ್ಪರ ಯಾರು ಯಾವಾಗ ಊರಿಗೆ ಎಂದು ಮಾತಾಡುತ್ತಿದ್ದಾರೆ. ಹೋದ ಶುಕ್ರವಾರ ಹಾಗೆ ಮಾತಾಡುತ್ತಿದ್ದವರಲ್ಲಿ ನಾನೂ ಒಬ್ಬ.

ಸಿಸ್ಟರ್ ಬಂದು ಎಲ್ಲರನ್ನೂ ಕಳಿಸುತ್ತಾಳೆ. ನಮ್ಮಿಬ್ಬರನ್ನು ಮಾತ್ರ, ಮಾತಾಡಬಾರದೆಂಬ ಷರತ್ತಿನ ಮೇಲೆ ಬಿಡುತ್ತಾಳೆ.

ಅರ್ಧ ಗಂಟೆ ಮೌನ. ಆಮೇಲೆ ಫಿಸಿಯೋಥೆರಪಿಯ ಹುಡುಗ ಬರುತ್ತಾನೆ. ಇದೊಂದು ನನಗೆ ತಲೆಕೆಳಗಾಗಿ ಕಾಣುತ್ತದೆ: ಸುಸ್ತಾದವನನ್ನು ಎಬ್ಬಿಸುವುದೇ? ಆದರೆ ಮಲಗಿದಷ್ಟೂ ಸ್ನಾಯು ಕರಗುತ್ತದೆ, ಕರಗಿದಷ್ಟೂ ಸಣ್ಣ ಕೆಲಸಕ್ಕೂ ಹೆಚ್ಚು ಸುಸ್ತು, ಸುಸ್ತಾಯಿತೆಂದು ಮತ್ತೆ ಮಲಗುವುದು. ಗಾಣದ ಎತ್ತಿನ ಸುತ್ತು. ಹುಡುಗ ಮೊದಲು ಕಾಲು ಇಳಿಬಿಡಿಸುತ್ತಾನೆ, ಉಸಿರು ಎಣಿಸುತ್ತಾನೆ, ಆಮೇಲೆ ನಿಲ್ಲಿಸುತ್ತಾನೆ. ಮಂಚದಿಂದ ಕಿಟಕಿಗೆ ಆರು ಹೆಜ್ಜೆ. ಕಿಟಕಿಯ ಪಕ್ಕ ಕುರ್ಚಿ. ಹೊರಗೆ ರಸ್ತೆಯ ಮೇಲ್ಸೇತುವೆ, ಅದರಾಚೆ ಧೂಳಿನಲ್ಲಿ ಕಡಲಿನ ಒಂದು ಪಟ್ಟಿ.

"ದಿನಕ್ಕೆ ಇಷ್ಟೇ ಬಟ್ಟೆ ಉಂಟು ಹೇಳಿದ ಇವ," ಎನ್ನುತ್ತಾರೆ, ಉಸಿರಿಗೆ ನಿಲ್ಲುತ್ತಾ. "ಇವ ಬೇರೆ ರೀತಿ ಹೇಳಿದ್ದು, ನಾನು ಹೀಗೆ ತಿಳ್ಕೊಂಡೆ. ಒಂದು ದಿಶ್ದಾಶಕ್ಕೆ ಮೂರೂವರೆ ಮೀಟರ್ ಬೇಕು. ಕೈಯಲ್ಲಿ ಒಂದೂವರೆ ಮೀಟರ್ ಉಂಟು ಹೇಳಿ ಇಟ್ಕೊ. ಹಾಗಾದ್ರೆ ದಿಶ್ದಾಶ ಹೊಲಿಲಿಕ್ಕೆ ಹೋಗ್ಬಾರ್ದು. ಅಂಗಿ ಹೊಲಿಬೇಕು."

"ಯಾವ ಅಂಗಿ?"

"ಗಡ್ಡ ಸಿಸ್ಟರೇ ಮಾಡ್ಲಿ. ಸ್ನಾನ ಕುರ್ಚಿಯಲ್ಲಿ ಕೂತು, ದಿನ ಬಿಟ್ಟು ದಿನ. ಮಧ್ಯಾಹ್ನ ಯಾರೂ ಬೇಡ. ಉಳಿದದ್ದು ಏಳು ಗಂಟೆಗೆ."

ಏಳು ಗಂಟೆಗೆ ಏನೆಂದು ಕೇಳುವುದು ಬೇಡ. ಇಲ್ಲಿ ಏಳು ಎಂದರೆ ಊರಲ್ಲಿ ಒಂಬತ್ತೂವರೆ.

ಒಂಬತ್ತು ದಿನ ಬಿಟ್ಟು ಮಂಗಳೂರಿಗೆ ಟಿಕೆಟ್ ಆಗಿದೆ. ಪ್ರಯಾಣಕ್ಕೆ ದೇಹ ತಡೆಯುತ್ತದೆಂಬ ಡಾಕ್ಟರ ಕಾಗದ, ಮಾರ್ಫಿನ್ ಮಾತ್ರೆಯ ಕಾಗದ, ಗಾಲಿಕುರ್ಚಿ, ಜೊತೆಗೆ ಹೋಗುವ ಒಬ್ಬ ಹುಡುಗ. ಅದಕ್ಕಾಗಿಯೇ ನಾಳೆಯಿಂದ ಬೆಳಿಗ್ಗೆ ಹೊತ್ತು ಡೆಕ್ಸಾಮೆಥಾಸೋನ್ ಶುರು ಮಾಡುತ್ತಾರಂತೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಸ್ಟೀರಾಯ್ಡನ್ನು 14 ದಿನ ಕೊಟ್ಟಾಗ ಮುಂದುವರಿದ ಕ್ಯಾನ್ಸರಿನವರ ಆಯಾಸ ಔಷಧಿಯಿಲ್ಲದ ಬರಿ ಮಾತ್ರೆ ನುಂಗಿದವರಿಗಿಂತ ಸ್ಪಷ್ಟವಾಗಿ ತಗ್ಗಿತ್ತು. ಹೆಚ್ಚು ದಿನ ಕೊಟ್ಟರೆ ಅದೇ ತೊಡೆಯ ಸ್ನಾಯುವನ್ನು ತಿನ್ನುತ್ತದೆ, ಸಕ್ಕರೆ ಏರಿಸುತ್ತದೆ. ಸಂಜೆ ಕೊಟ್ಟರೆ ನಿದ್ದೆ ಕೆಡುತ್ತದೆ. ಹಾಗಾಗಿ ಇದು ಬಾಡಿಗೆ ಶಕ್ತಿ. ಬಜ್ಪೆಯಲ್ಲಿ ಇಳಿದು, ಕಾರಿನಲ್ಲಿ ತಲಪಾಡಿ ದಾಟಿ, ಅಂಗಳದ ತನಕ ನಡೆಯಲು ಅಷ್ಟು ಸಾಕು ಎಂಬ ಲೆಕ್ಕ.

ಊರಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ನನಗಿತ್ತು. ಸಿಸ್ಟರ್ ಫೋನಿನಲ್ಲಿ ವಿಚಾರಿಸಿ ಹೇಳಿದಳು. ಕೇರಳ 2008ರಲ್ಲಿಯೇ ಉಪಶಾಮಕ ಆರೈಕೆಗೆ ರಾಜ್ಯ ನೀತಿ ಮಾಡಿ, ಪಂಚಾಯತಿನ ನರ್ಸು ಮನೆಗೇ ಬರುವ ವ್ಯವಸ್ಥೆ ಕಟ್ಟಿದೆ. ಕಾಸರಗೋಡು ಕನ್ನಡದ ನೆಲ, 1956ರಲ್ಲಿ ಅನ್ಯಾಯವಾಯಿತು ಎಂದು ಪ್ರತಿ ನವೆಂಬರಿನಲ್ಲಿ ಮೇಜು ಗುದ್ದಿ ಮಾತಾಡುತ್ತಿದ್ದವರು ಟೈಲರಣ್ಣ. ಈಗ ಕಿಟಕಿಯಿಂದ ತಿರುಗದೆ, "ಈ ಒಂದು ವಿಷಯಕ್ಕೆ ಕೇರಳ ಇರ್ಲಿ ಮಾರಾಯ" ಎನ್ನುತ್ತಾರೆ. ನಗು ಅರ್ಧದಲ್ಲೇ ಉಸಿರು ಮುಗಿಯುತ್ತದೆ.

ಮಗ್ರಿಬ್ ಬಾಂಗ್ ಕೇಳುತ್ತದೆ. ಕಡಲ ಪಟ್ಟಿ ಕಪ್ಪಾಗಿ ಮೇಲ್ಸೇತುವೆಯ ದೀಪಗಳು ಹತ್ತುತ್ತವೆ. ಅವರು ಮಂಚಕ್ಕೆ ಮರಳಿ ಹತ್ತು ನಿಮಿಷ ಕಣ್ಣು ಮುಚ್ಚುತ್ತಾರೆ. ಆಮೇಲೆ ಲಾಕರಿನ ಕಡೆ ಕೈ ತೋರಿಸುತ್ತಾರೆ. ಒಳಗೆ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಅವರೇ ಹೊಲಿದದ್ದು, ಹೊಲಿಗೆ ನೋಡಿದರೆ ಗೊತ್ತಾಗುತ್ತದೆ. ಆಸ್ಪತ್ರೆಯ ಗೌನಿನ ಮೇಲೆಯೇ ಅದನ್ನು ತೊಡಿಸುತ್ತೇನೆ. ಒಂದು ತೋಳು, ವಿರಾಮ. ಇನ್ನೊಂದು ತೋಳು, ವಿರಾಮ. ಇನ್ನೊಬ್ಬರಿಗೆ ಹೊಲಿದ ಅಂಗಿಯ ಹಾಗೆ ಹೆಗಲಿನಿಂದ ಜಾರುತ್ತದೆ.

ಗುಂಡಿ ಹಾಕಲು ಕೈ ಚಾಚುತ್ತೇನೆ.

"ಬಿಡು. ನಾನೇ."

ಕತ್ತಿನ ಗುಂಡಿ. ಹೆಬ್ಬೆರಳು ಕಾಜ ಹುಡುಕುತ್ತದೆ, ತಪ್ಪುತ್ತದೆ, ಸಿಗುತ್ತದೆ. ಕೈ ಎದೆಯ ಮೇಲೆ ಇಳಿಬಿಟ್ಟು ಸುಧಾರಿಸಿಕೊಳ್ಳುತ್ತಾರೆ. ಎರಡನೆಯದು. ಈ ಸಲ ವಿರಾಮ ಉದ್ದ. ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಎರಡು ನಿಮಿಷ. ಮೂರನೆಯದು.

"ಸಾಕು," ಎನ್ನುತ್ತಾರೆ. "ಫೋನಿಗೆ ಇಷ್ಟೇ ಕಾಣುದು."

ನಾನು ದಿಂಬು ಎತ್ತರಿಸಿ ಫೋನನ್ನು ಊಟದ ಟ್ರೇಯ ಮೇಲೆ, ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸುತ್ತೇನೆ. ರಿಂಗಾಗುತ್ತದೆ. ಬದಿಯಡ್ಕದ ಆಚೆಯ ಮನೆಯ ಹಳದಿ ಬೆಳಕು, ಹಿಂದೆ ಮಳೆಯ ಸದ್ದು, ಆಮೇಲೆ ಅತ್ತಿಗೆಯ ಮುಖ.

"ಊಟ ಆಯ್ತಾ? ಹೇಗುಂಟು ಇವತ್ತು? ಸುಸ್ತು ಉಂಟಾ?"

ಸೊನ್ನೆಯಿಂದ ಹತ್ತರ ಸಾಲಿನ ಹಾಳೆ ಮಂಚದ ಕಾಲಬುಡದಲ್ಲಿ ತೂಗುತ್ತಿದೆ, ಎಂಟರ ಸುತ್ತ ಸಿಸ್ಟರಿನ ನೀಲಿ ಶಾಯಿಯ ಸೊನ್ನೆ.

"ಎಂತ ಸುಸ್ತು! ಈಗ ಕಿಟಕಿವರೆಗೆ ನಡೆದು ಬಂದೆ. ಅಲ್ಲಿ ಮಳೆ ಜೋರುಂಟಾ? ಸ್ವಲ್ಪ ಹೊರಗೆ ತೋರಿಸು ನೋಡುವ."

ಫೋನು ಅಲ್ಲಿ ಜಗಲಿಯ ಕಡೆಗೆ ತಿರುಗುತ್ತದೆ. ಇಲ್ಲಿ ಹೊದಿಕೆಯ ಕೆಳಗೆ, ಉಳಿದ ನಾಲ್ಕು ಗುಂಡಿಗಳ ಜಾಗದಲ್ಲಿ, ನನ್ನ ಹೆಂಡತಿ ಅಂಗಿಯ ಎರಡು ಅಂಚುಗಳನ್ನು ಸದ್ದಿಲ್ಲದೆ ಒಟ್ಟುಗೂಡಿಸಿ ಹಿಡಿದು ಕೂತಿದ್ದಾಳೆ.